ಸಲಾಂ ಹೇಳುವ ಬಾಯಿ, ಫಾರ್ವರ್ಡ್ ಮಾಡುವ ಬೆರಳು

ಮಂಡ್ಯ ಜಿಲ್ಲೆಯ ಆತಗೂರು ಕಡೆಯ ಮಾತು ಕರಾವಳಿಯಿಂದ ಬಂದ ನಮ್ಮಂಥವರ ಕಿವಿಗೆ ಮೊದಮೊದಲು ಒರಟು. ‘ಏನ್ಲಾ’, ‘ಬಾರ್ಲಾ’ ಎಂದು ಕರೆದರೆ ಜಗಳಕ್ಕೇ ನಿಂತರು ಅಂತ ಅನಿಸುವುದುಂಟು. ಹಾಗಲ್ಲ ಮಾರಾಯ್ರೆ. ಆ ‘ಲಾ’ದಲ್ಲಿ ಸಲುಗೆ ಇದೆ. ಹಾಗೆ ಕರೆದವರೇ ಆಲೆಮನೆಯ ಬಿಸಿ ಬೆಲ್ಲವನ್ನು ಕೈಗೆ ಹಾಕಿ ಕಳಿಸುತ್ತಾರೆ. ನಮ್ಮ ನಕ್ಕ್-ನಿಕ್ಕ್ ಭಾಷೆ ಕೇಳಿ ಅವರಿಗೂ ನಗು ಬರುತ್ತದೆ, ಬರಲಿ. ಶಾಂತಿಯ ಮಾತು ಎಂದರೆ ಬರೀ ನಯದ ಮಾತು ಎಂದು ತಿಳಿದವರು ಈ ಕಡೆ ನಾಲ್ಕು ದಿನ ಇದ್ದು ಹೋಗಬೇಕು.

ನಾವು ಹೆದರಬೇಕಾದ ಮಾತು ಬೇರೆ. 2025ರ ಸೆಪ್ಟೆಂಬರ್ 7ರ ರಾತ್ರಿ ನಮ್ಮ ತಾಲೂಕು ಕೇಂದ್ರ ಮದ್ದೂರಿನಲ್ಲಿ ಗಣೇಶ ವಿಸರ್ಜನೆ ಮೆರವಣಿಗೆಯ ಮೇಲೆ ಕಲ್ಲು ಬಿತ್ತು. ನಿಷೇಧಾಜ್ಞೆ ಬಂತು, ಬಂದ್ ಆಯಿತು. ಕಲ್ಲು ಎಸೆದದ್ದು ತಪ್ಪು. ಅದರ ಮುಂದೆ ‘ಆದರೆ’ ಎಂಬ ಪದ ಸೇರಿಸುವ ಅಗತ್ಯ ನಮಗೆ ಕಾಣುವುದಿಲ್ಲ. ಇಂಥ ಗಲಾಟೆಯಾದಾಗಲೆಲ್ಲ ಕಲ್ಲಿಗಿಂತ ದೂರ ಹೋಗುವುದು ಫೋನು. ಯಾರದೋ ಧ್ವನಿ, ಯಾವುದೋ ಊರಿನ ಹಳೆಯ ವಿಡಿಯೋ, ಕೆಳಗೆ ‘ಎಲ್ಲರಿಗೂ ಕಳಿಸಿ’ ಎಂಬ ಸಾಲು. ಸುಬಹ್ ನಮಾಜಿನ ಹೊತ್ತಿಗೆ ಅದು ಉಳ್ಳಾಲದ ಅಡುಗೆಮನೆಗೂ ಮುಟ್ಟಿರುತ್ತದೆ, ದುಬೈಯ ರೂಮಿಗೂ ಮುಟ್ಟಿರುತ್ತದೆ. ಕಳಿಸಿದವನು ಚಾ ಕುಡಿದು ಕೆಲಸಕ್ಕೆ ಹೋಗುತ್ತಾನೆ. ಇಲ್ಲಿ ಅಂಗಡಿ ಬಾಗಿಲು ತೆಗೆಯುವವನು, ಪಕ್ಕದ ಅಂಗಡಿಯವನ ಮುಖ ನೋಡಬೇಕಾದವನು ಬೇರೆಯೇ ವ್ಯಕ್ತಿ.

ಸೂರತುಲ್ ಹುಜುರಾತ್ ನಮ್ಮ ಮಕ್ಕಳಿಗೆ ಬಾಯಿಪಾಠ. ಇರುವುದು 18 ಆಯತ್. 6ನೆಯದರಲ್ಲಿ ಸುದ್ದಿ ಬಂದರೆ ಮೊದಲು ವಿಚಾರಿಸಬೇಕು ಎಂದಿದೆ, ತಿಳಿಯದೆ ಒಂದು ಜನರಿಗೆ ಹಾನಿ ಮಾಡಿ ಆಮೇಲೆ ಪಶ್ಚಾತ್ತಾಪ ಪಡುವಂತಾಗಬಾರದು ಎಂಬ ಕಾರಣಕ್ಕೆ. 11ನೆಯದು ಅಡ್ಡ ಹೆಸರಿಟ್ಟು ಕರೆಯುವುದನ್ನು ತಡೆಯುತ್ತದೆ. ಇವನ್ನು ರಾಗವಾಗಿ ಓದಿಸುವ ಜಮಾಅತ್‌ಗಳ ಗ್ರೂಪಿನಲ್ಲೇ ಅನ್ಯರಿಗೂ ನಮ್ಮವರಿಗೂ ಎಷ್ಟು ಅಡ್ಡ ಹೆಸರು ಓಡಾಡುತ್ತವೆ ಎಂಬುದು ನಿಮಗೂ ಗೊತ್ತು, ನಮಗೂ ಗೊತ್ತು. ಅಡ್ಮಿನ್ ಆದವರು ಸ್ವಲ್ಪ ಗಟ್ಟಿ ಆಗಬೇಕು. ಜಮಾಅತ್ ಅಧ್ಯಕ್ಷರ ಅಳಿಯ ಹಾಕಿದ ಮೆಸೇಜ್ ಆದರೂ ಅಳಿಸಬೇಕು.

ಇನ್ನು ಮನೆಯೊಳಗಿನ ಮಾತು. ತಂದೆ ತಾಯಿಗೆ ‘ಉಫ್’ ಎಂದೂ ಹೇಳಬಾರದೆಂಬ ಆಯತ್ ಸೂರತುಲ್ ಇಸ್ರಾದಲ್ಲಿದೆ. ಉಮ್ಮ, ಉಪ್ಪಂದಿರು ಇದನ್ನು ಮಕ್ಕಳಿಗೆ ಚೆನ್ನಾಗಿ ನೆನಪಿಸುತ್ತಾರೆ. ಅದೇ ‘ಉಫ್’ ಇನ್ನೊಂದು ಕಡೆಯೂ ಬರುತ್ತದೆ, ಅದನ್ನು ನೆನಪಿಸುವವರು ಕಡಿಮೆ. ಪ್ರವಾದಿಯವರಿಗೆ ಹತ್ತು ವರ್ಷ ಸೇವೆ ಮಾಡಿದ ಅನಸ್ ಎಂಬ ಹುಡುಗ, ಒಮ್ಮೆಯೂ ತನಗೆ ಅವರು ‘ಉಫ್’ ಎನ್ನಲಿಲ್ಲ, ಇದನ್ನೇಕೆ ಮಾಡಿದೆ ಎಂದು ಗದರಲಿಲ್ಲ ಎಂದು ಹೇಳಿದ್ದು ಬುಖಾರಿ, ಮುಸ್ಲಿಂ ಎರಡರಲ್ಲೂ ಇದೆ. ಕೆಲಸದ ಹುಡುಗ ಅವನು. ನಮ್ಮ ಅಂಗಡಿಯಲ್ಲಿ ಗ್ಲಾಸು ತೊಳೆಯುವವನ ಕೈಯಿಂದ ಒಂದು ಗ್ಲಾಸು ಬಿದ್ದರೆ ನಾವು ಏನೆನ್ನುತ್ತೇವೆ? ಮನೆಗೆಲಸಕ್ಕೆ ಬರುವ ಹೆಂಗಸು ಅರ್ಧ ಗಂಟೆ ತಡ ಮಾಡಿದರೆ? ಉಸ್ತಾದರ ಬೆತ್ತದ ವಿಷಯವೂ ಇಲ್ಲೇ ಬರುತ್ತದೆ. ಹೆದರಿಸಿ ಓದಿಸಿದ ಹುಡುಗ ಅಕ್ಷರ ಕಲಿಯುತ್ತಾನೆ, ದನಿ ಏರಿಸುವುದನ್ನೂ ಕಲಿಯುತ್ತಾನೆ.

ಸಲಾಮಿಗೂ ಒಂದು ಕ್ರಮ ಇದೆ. ಸವಾರಿ ಮೇಲಿರುವವನು ನಡೆಯುವವನಿಗೆ, ನಡೆಯುವವನು ಕೂತವನಿಗೆ, ಕಿರಿಯ ಹಿರಿಯನಿಗೆ, ಸ್ವಲ್ಪ ಜನ ಹೆಚ್ಚು ಜನರಿಗೆ ಮೊದಲು ಹೇಳಬೇಕು. ಇದರಲ್ಲಿ ನಮಗೆ ಹೆಚ್ಚು ಹಿಡಿಸುವುದು ಮೊದಲನೆಯದು. ಮೇಲೆ ಕೂತವನೇ ಮೊದಲು ಬಾಯಿ ತೆರೆಯಬೇಕು. ಈಗ ಬೈಕಿನವನು ಹಾರ್ನ್ ಒತ್ತುತ್ತಾನೆ, ದಾರಿ ಬಿಡುವವನು ಮುದುಕನಾದರೂ ಸರಿ. ಮುಸ್ಲಿಮನಲ್ಲದ ನೆರೆಯವನಿಗೆ ಏನು ಹೇಳುವುದು ಎಂದು ಮಕ್ಕಳು ಕೇಳುತ್ತಾರೆ. ಈ ಕಡೆ ‘ಊಟ ಆಯ್ತಾ?’ ಅಂತ ಕೇಳುವುದು ವಾಡಿಕೆ. ಅದನ್ನೇ ಕೇಳಿ ಅಂದಿದ್ದೇವೆ. ಆಗಿಲ್ಲ ಅಂದರೆ ಏನು ಮಾಡಲಿ ಉಸ್ತಾದ್ ಎಂದ ಒಬ್ಬ. ಮನೆಗೆ ಕರೆದುಕೊಂಡು ಹೋಗು ಅಂದೆವು. ಉಮ್ಮ ಬೈಯುತ್ತಾರೆ ಅಂತ ಎಲ್ಲರೂ ನಕ್ಕರು. ಉಮ್ಮಂದಿರು ಇದನ್ನು ಓದುತ್ತಿದ್ದರೆ, ನಾಳೆಯಿಂದ ಅರ್ಧ ಪಾವು ಅಕ್ಕಿ ಜಾಸ್ತಿ ಹಾಕಿ.