ಕೋಳಿಗೆ ಹನಿ ಹಾಕುವವರು ತಮ್ಮ ಕಣ್ಣನ್ನೂ ಕಾಯಬೇಕು

ಕೋಳಿ ಸಾಕುವ ರೈತ ಬಾಂಧವರಿಗೆ ಕೊಕ್ಕರೆ ರೋಗದ ಹಾವಳಿಯನ್ನು ಬಣ್ಣಿಸಬೇಕಾಗಿಲ್ಲ. ಒಂದು ಗೂಡಿಗೆ ಬಂತೆಂದರೆ ಕೆಲವೇ ದಿನಗಳಲ್ಲಿ ಇಡೀ ಕೇರಿಯ ಕೋಳಿಗಳು ಸಾಯುತ್ತವೆ. ರಾಣಿಖೇತ್ ರೋಗವೆಂದೂ ಹೆಸರಿರುವ ಈ ಜಾಡ್ಯಕ್ಕೆ ಔಷಧವಿಲ್ಲ, ಲಸಿಕೆಯೊಂದೇ ರಕ್ಷಣೆ. ಮರಿಗೆ 5ರಿಂದ 7 ದಿನವಾದಾಗ ಕಣ್ಣಿಗೆ ಅಥವಾ ಮೂಗಿಗೆ ಒಂದು ಹನಿ ಹಾಕುವುದು ವಾಡಿಕೆ.

ಆದರೆ ಹೀಗೆ ಹನಿ ಹಾಕಿದ ಒಂದೆರಡು ದಿನಗಳಲ್ಲಿ ಹಾಕಿದವರದೇ ಕಣ್ಣು ಕೆಂಪಾಗುವುದುಂಟು. ಇದು ಕೇವಲ ಶಂಕೆಯಲ್ಲ. ಈ ಲಸಿಕೆಯಲ್ಲಿರುವುದು ಶಕ್ತಿಗುಂದಿಸಿದ, ಆದರೆ ಜೀವಂತವಾದ ವೈರಸ್. ಮರಿಯ ದೇಹದಲ್ಲಿ ಅದು ಬೆಳೆದರೆ ಮಾತ್ರ ರೋಗ ತಡೆಯುವ ಶಕ್ತಿ ಬರುತ್ತದೆ. ಅದೇ ವೈರಸ್ ಮನುಷ್ಯನ ಕಣ್ಣಿಗೆ ಬಿದ್ದರೆ ಅಲ್ಲಿಯೂ ಉರಿಯೂತ ಉಂಟುಮಾಡಬಲ್ಲದು. ಕೋಳಿಯ ಈ ವೈರಸ್ ಮನುಷ್ಯನ ಕಣ್ಣಿಗೆ ತಗಲುವುದನ್ನು ಆಸ್ಟ್ರೇಲಿಯಾದ ವಿಜ್ಞಾನಿ ಬರ್ನೆಟ್ 1943ರಲ್ಲಿಯೇ ವರದಿ ಮಾಡಿದ್ದರು. ಆನಂತರ ಪ್ರಯೋಗಾಲಯದ ನೌಕರರು, ಲಸಿಕೆ ಹಾಕುವವರು, ಕೋಳಿ ಕೊಯ್ದು ಹಸನು ಮಾಡುವವರಲ್ಲಿ ಇದು ಕಂಡುಬಂದಿದೆ.

ಸಾಮಾನ್ಯವಾಗಿ ಒಂದೇ ಕಣ್ಣು ಕೆಂಪಾಗಿ ನೀರು ಸುರಿಯುತ್ತದೆ, ರೆಪ್ಪೆ ಊದುತ್ತದೆ. ಬಹುಪಾಲು ಒಂದು ವಾರದೊಳಗೆ ತಾನಾಗಿಯೇ ಗುಣವಾಗುತ್ತದೆ. ದೃಷ್ಟಿಗೆ ಕುಂದು ಬರುವುದಿಲ್ಲ. ಆದ್ದರಿಂದ ಹೆದರಿ ಲಸಿಕೆಯನ್ನೇ ಕೈಬಿಡುವುದು ಅವಿವೇಕ. ಒಬ್ಬರ ಕಣ್ಣಿನ ನಾಲ್ಕು ದಿನದ ಉರಿಗೆ ಅಂಜಿ ಊರಿನ ಕೋಳಿಗಳನ್ನೆಲ್ಲ ರೋಗಕ್ಕೆ ಒಪ್ಪಿಸಿದಂತಾದೀತು.

ನಿಜವಾದ ಅಪಾಯ ಬೇರೆ ಕಡೆ ಇದೆ. ಕಣ್ಣು ಕೆಂಪಾದೊಡನೆ ಹರಳೆಣ್ಣೆ, ಸೊಪ್ಪಿನ ರಸ, ಎದೆಹಾಲು ಹಾಕುವವರಿದ್ದಾರೆ. ಅಂಗಡಿಯಲ್ಲಿ ಕೇಳಿ ತಂದ ಸ್ಟೀರಾಯ್ಡ್ ಹನಿ ಹಾಕುವವರೂ ಇದ್ದಾರೆ. ಎಲ್ಲ ಕೆಂಗಣ್ಣೂ ಒಂದೇ ಅಲ್ಲ. ಸರ್ಪಸುತ್ತಿನಂಥ ಬೇರೆ ವೈರಸ್‌ನಿಂದಲೋ, ಭತ್ತದ ಸುಂಕು ತಾಗಿಯೋ ಕಣ್ಣು ಕೆಂಪಾಗಿದ್ದರೆ ಇಂಥ ಉಪಚಾರದಿಂದ ಕಣ್ಣಿನ ಪಾಪೆಗೆ ಹುಣ್ಣಾಗಿ ದೃಷ್ಟಿಯೇ ಹೋಗಬಹುದು. ನೋವು ಹೆಚ್ಚಿದರೆ, ದೃಷ್ಟಿ ಮಬ್ಬಾದರೆ, ಬೆಳಕು ನೋಡಲಾಗದಿದ್ದರೆ ತಡಮಾಡದೆ ಕಣ್ಣಿನ ವೈದ್ಯರ ಬಳಿ ಹೋಗಬೇಕು. ಕೋಳಿಗೆ ಲಸಿಕೆ ಹಾಕಿದ ಸಂಗತಿಯನ್ನು ತಪ್ಪದೆ ತಿಳಿಸಬೇಕು.

ತಡೆಯುವ ಕ್ರಮ ಸುಲಭ. ಸೀಸೆ ತೆರೆಯುವಾಗ, ಪುಡಿಯನ್ನು ದ್ರವದಲ್ಲಿ ಕದಡುವಾಗ ಮುಖವನ್ನು ದೂರವಿಡಿ. ಮರಿ ತಲೆ ಕೊಡವಿದರೆ ಹನಿ ಸಿಡಿಯುತ್ತದೆ. ಅದಕ್ಕಾಗಿ ಕನ್ನಡಕ ಧರಿಸಿ. ಕೆಲಸದ ನಡುವೆ ಬೆವರೊರೆಸಲು ಕಣ್ಣಿಗೆ ಕೈ ಹಚ್ಚಬೇಡಿ. ಮುಗಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಿರಿ. ಹನಿ ಕಣ್ಣಿಗೆ ಸಿಡಿದರೆ ಕೂಡಲೇ ಶುದ್ಧ ನೀರಿನಿಂದ ಚೆನ್ನಾಗಿ ತೊಳೆಯಿರಿ. ಈ ಕೆಲಸವನ್ನು ಮಕ್ಕಳಿಗೆ ವಹಿಸುವುದು ಸಲ್ಲದು.

ಹಳ್ಳಿಗಳಲ್ಲಿ ಈ ಹನಿ ಹಾಕುವವರು ಹೆಚ್ಚಾಗಿ ಮನೆಯ ಹೆಣ್ಣುಮಕ್ಕಳು ಮತ್ತು ಪಶುಸಖಿಯರು. ಲಸಿಕೆ ಕೆಡದಂತೆ ಮಂಜುಗಡ್ಡೆಯಲ್ಲಿಟ್ಟು ಕಳಿಸುವ ಏರ್ಪಾಟಿದೆ. ಹಾಕುವವರ ಕಣ್ಣಿಗೂ ಅಷ್ಟೇ ಕಾಳಜಿ ಬೇಡವೆ? ಒಂದು ರಕ್ಷಣಾ ಕನ್ನಡಕದ ಬೆಲೆ ಒಂದು ನಾಟಿ ಕೋಳಿಯ ಬೆಲೆಗಿಂತ ಕಡಿಮೆ. ಲಸಿಕೆಯ ಜೊತೆಗೆ ಅದನ್ನೂ ಎರಡು ಎಚ್ಚರಿಕೆಯ ಮಾತನ್ನೂ ಕೊಡುವುದು ಪಶುಪಾಲನಾ ಇಲಾಖೆಗೆ ಭಾರವಾಗಲಾರದು. ಅಲ್ಲಿಯವರೆಗೆ ಹಾಲಿನ ಸಂಘ, ಸ್ತ್ರೀಶಕ್ತಿ ಸಂಘಗಳು ಊರಿಗೆರಡು ಕನ್ನಡಕ ಕೊಂಡು ಸರದಿಯ ಮೇಲೆ, ತೊಳೆದು ಬಳಸಿದರೂ ಸಾಕು.