ಕಂಡು ಬಂದು ಹೇಳುವ ಜೇನು



ಕೆಲವು ವರ್ಷಗಳ ಹಿಂದೆ ನಮ್ಮೂರ ಸಂಘ ಹೆಣ್ಣುಮಕ್ಕಳ ಪ್ರಸಾದ ನಿಲಯಕ್ಕೆ ಜಾಗ ಹುಡುಕುತ್ತಿತ್ತು. ಸಭೆಯ ಅಧ್ಯಕ್ಷತೆ ನನ್ನದು. ಎಲ್ಲರಿಗಿಂತ ಮೊದಲು ನಾನೇ ಒಂದು ನಿವೇಶನ ಸೂಚಿಸಿದೆ. ಎಲ್ಲರೂ ತಲೆಯಾಡಿಸಿದರು, ಹತ್ತು ನಿಮಿಷದಲ್ಲಿ ಠರಾವಾಯಿತು. ಒಮ್ಮತವೆಂದು ಹಿಗ್ಗಿದೆ. ಬುನಾದಿ ತೋಡಿದ ವರ್ಷವೇ ಅಲ್ಲಿ ಮೊಣಕಾಲುದ್ದ ಮಳೆನೀರು ನಿಂತಿತು. ಭಕ್ತರು ಕೊಟ್ಟ ದಾಸೋಹದ ಹಣ ಮಣ್ಣು ತುಂಬಿಸಲು ಹೋಯಿತು. ಅದೇ ಓಣಿಯ ಸದಸ್ಯೆಯೊಬ್ಬರನ್ನು 'ಗೊತ್ತಿದ್ದೂ ಏಕೆ ಹೇಳಲಿಲ್ಲ?' ಎಂದು ಕೇಳಿದೆ. 'ನೀವು ಆಗಲೇ ಹೇಳಿಬಿಟ್ಟಿದ್ದಿರಲ್ಲ ಅಣ್ಣಾ' ಎಂದರು.

ಈಚೆಗೆ ಜೇನ್ನೊಣಗಳ ವಿಷಯ ಓದುವಾಗ ಆ ಮಾತು ಮತ್ತೆ ಚುಚ್ಚಿತು. ಅವೂ ಮನೆ ಹುಡುಕುತ್ತವೆ. ತಪ್ಪಿದರೆ ಇಡೀ ಹಿಂಡೇ ಸಾಯಬಹುದು.

1949ರಲ್ಲಿ ಜರ್ಮನಿಯ ವಿಜ್ಞಾನಿ ಮಾರ್ಟಿನ್ ಲಿಂಡೌರ್ ಗೂಡು ಬಿಟ್ಟು ಬಂದ ಜೇನುಹಿಂಡೊಂದನ್ನು ಕಂಡರು. ಅದರ ಮೇಲೆ ಕುಣಿಯುತ್ತಿದ್ದ ಕೆಲವು ನೊಣಗಳ ಮೈಗೆ ಮಸಿ, ಇಟ್ಟಿಗೆ ಪುಡಿ ಮೆತ್ತಿತ್ತು. ಯುದ್ಧದಲ್ಲಿ ಪಾಳುಬಿದ್ದ ಮ್ಯೂನಿಕ್ ನಗರದ ಸಂದುಗೊಂದುಗಳನ್ನು ಹೊಕ್ಕು ನೋಡಿ ಬಂದಿದ್ದವು ಅವು! ಆಮೇಲೆ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಥಾಮಸ್ ಸೀಲಿ ಈ ಶೋಧವನ್ನು ಮುಂದುವರಿಸಿದರು. ಸುಮಾರು 10,000 ನೊಣಗಳ ಹಿಂಡಿನಲ್ಲಿ ಮನೆ ಹುಡುಕುವವು ಕೆಲವು ನೂರು ಮಾತ್ರ. ಒಂದು ನೊಣ ತಾನು ಕಂಡ ಪೊಟರೆಯ ದಿಕ್ಕು, ದೂರವನ್ನು ಕುಣಿದು ತಿಳಿಸುತ್ತದೆ. ಜಾಗ ಒಳ್ಳೆಯದಿದ್ದಷ್ಟೂ ಕುಣಿತ ಹೆಚ್ಚು. ನೋಡಿದ ಇನ್ನೊಂದು ನೊಣ ಸುಮ್ಮನೆ ದನಿಗೂಡಿಸುವುದಿಲ್ಲ. ತಾನೇ ಹೋಗಿ ಪರೀಕ್ಷಿಸಿ ಬಂದ ಮೇಲೆಯೇ ಕುಣಿಯುತ್ತದೆ. ಪ್ರತಿ ಸಲ ಮರಳಿ ಬಂದಾಗಲೂ ಕುಣಿತ ಇಳಿಯುತ್ತ ಹೋಗಿ ಕೊನೆಗೆ ನಿಲ್ಲುತ್ತದೆ. ತನ್ನ ಪೊಟರೆಯೇ ಗೆಲ್ಲಬೇಕೆಂಬ ಹಟ ಅಲ್ಲಿಲ್ಲ. ಒಂದು ಜಾಗದಲ್ಲಿ 20–30 ನೊಣಗಳು ಒಮ್ಮೆಗೇ ಕೂಡಿದಾಗ ಹಿಂಡು ಹಾರಲು ಅಣಿಯಾಗುತ್ತದೆ. ಈ ತೀರ್ಮಾನದಲ್ಲಿ ರಾಣಿಯ ಪಾತ್ರವೇ ಇಲ್ಲ.

ಸೀಲಿ ಇದನ್ನು ಪುಸ್ತಕದಲ್ಲಿ ಬರೆದು ಬಿಡಲಿಲ್ಲ. ತಮ್ಮ ವಿಭಾಗದ ಮುಖ್ಯಸ್ಥರಾಗಿದ್ದಾಗ ಸಭೆಗಳಲ್ಲಿ ತಮ್ಮ ಅಭಿಪ್ರಾಯವನ್ನು ಹಿಂದಿಟ್ಟು ಎಲ್ಲರ ಮಾತಿಗೂ ಅವಕಾಶ ಕೊಟ್ಟರು. ಮುಖ್ಯ ವಿಷಯಗಳಿಗೆ ಗುಪ್ತ ಮತದಾನ ನಡೆಸಿದರು.

ಮನುಷ್ಯರು ಜೇನ್ನೊಣಗಳಲ್ಲ ಎಂಬುದು ನಿಜ. ಹಿಂಡಿಗೆ ಇರುವುದು ಒಂದೇ ಹಿತ. ನಮ್ಮಲ್ಲಿ ಒಳಪಂಗಡ, ಹಣ, ಮಠದ ಅಭಿಮಾನ, ಹಿರಿತನ ಎಲ್ಲವೂ ಸಭೆಗೆ ಬಂದು ಕೂರುತ್ತವೆ. ಆದ್ದರಿಂದಲೇ ಈ ಶಿಸ್ತು ನಮಗೆ ಹೆಚ್ಚು ಬೇಕು. ಹೊಸದಾಗಿ ಕಲಿಯಬೇಕಾದದ್ದೂ ಇಲ್ಲ. ಆಯ್ದಕ್ಕಿ ಲಕ್ಕಮ್ಮ ಪತಿಯನ್ನು ತಿದ್ದಿದಾಗ ಮಾರಯ್ಯ ಹೆಚ್ಚಾಗಿ ತಂದ ಅಕ್ಕಿಯನ್ನು ಹಿಂದಕ್ಕೆ ಸುರಿದು ಬಂದ. ಅವನ ಹಿರಿಮೆ ಕುಗ್ಗಲಿಲ್ಲ. ಅನುಭವ ಮಂಟಪವನ್ನು ಭಾಷಣಗಳಲ್ಲಿ ಲೋಕದ ಮೊದಲ ಸಂಸತ್ತು ಎಂದು ಕೊಂಡಾಡುವ ನಾವು, ನಮ್ಮದೇ ಸಂಘದ ಸಭೆಯಲ್ಲಿ ಒಬ್ಬ ಶರಣೆಯ ಬಾಯಿ ಕಟ್ಟಿಸಿದ್ದೆವು. ಕಟ್ಟಿಸಿದವನು ನಾನು.

ನಮ್ಮ ಸಂಘದಲ್ಲಿ ಈಗ ಮೂರು ನಿಯಮ ಮಾಡಿಕೊಂಡಿದ್ದೇವೆ. ಅಧ್ಯಕ್ಷರು ಕೊನೆಗೆ ಮಾತಾಡಬೇಕು. ಬೆಂಬಲಿಸುವವರು ಸ್ವತಃ ನೋಡಿ ಬಂದಿರಬೇಕು. ಹಣದ ವಿಷಯದಲ್ಲಿ ಚೀಟಿ ಹಾಕಬೇಕು. ಸಭೆಗಳು ಉದ್ದವಾಗಿವೆ, ಕೆಲವೊಮ್ಮೆ ಬಿಸಿಯೂ ಏರುತ್ತದೆ. ಆದರೆ ಆ ತಾಯಿ ಈಗ ಮಾತಾಡುತ್ತಾರೆ. ನಿಮ್ಮ ಸಂಘಗಳಲ್ಲೂ ಇದನ್ನು ಪ್ರಯೋಗಿಸಿ ನೋಡಿರೆಂದು ಬೇಡುತ್ತೇನೆ.



— ಸಂಪಾದಕ