ಮೈಕ್ ಹಿಡಿದ ಕಾರ್ಮಿಯರ್...

ಆಟ ನಿಲ್ಲಿಸಿದವರೆಲ್ಲ ಕಾಮೆಂಟರಿಗೆ ಬರೋದು ನಂಗೆ ಅಷ್ಟೇನೂ ಇಷ್ಟವಿಲ್ಲ. ‘ನಮ್ಮ ಕಾಲದಲ್ಲಿ...’ ಅಂತ ಶುರು ಹಚ್ಕೊಂಡ್ರೆ ಮುಗೀತು ಕತೆ! ಆದ್ರೆ ಯುಎಫ್‌ಸಿಯಲ್ಲಿ, ಅದೇ ಗುದ್ದು, ಒದೆ, ಕುಸ್ತಿ ಎಲ್ಲ ಸೇರಿದ ಎಂಎಂಎ ಪಂದ್ಯಗಳಲ್ಲಿ, ಡೇನಿಯಲ್ ಕಾರ್ಮಿಯರ್ ಮಾತಿಗೆ ಮಾತ್ರ ಸೌಂಡ್ ಜಾಸ್ತಿ ಮಾಡ್ತೀನಿ.

ಮೂಲತಃ ಕುಸ್ತಿಪಟು. 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ. 2008ರಲ್ಲಿ ಬೀಜಿಂಗ್‌ಗೆ ಹೋದವನು ತೂಕ ಇಳಿಸೋಕೆ ಹೋಗಿ ಕಿಡ್ನಿ ಕೈಕೊಟ್ಟು ಅಖಾಡಕ್ಕೇ ಇಳಿಯಲಿಲ್ಲ. ಮರುವರ್ಷ ಎಂಎಂಎಗೆ ಬಂದ. 2015ರಲ್ಲಿ ಲೈಟ್ ಹೆವಿವೇಟ್ ಪಟ್ಟ. ಅದು ಕೈಲಿರುವಾಗಲೇ 2018ರಲ್ಲಿ ಸ್ಟೀಪೆ ಮಿಯೋಚಿಚ್‌ನನ್ನು ಮೊದಲ ರೌಂಡಲ್ಲೇ ಕೆಡವಿ ಹೆವಿವೇಟ್ ಪಟ್ಟ! 2020ರಲ್ಲಿ ಅದೇ ಮಿಯೋಚಿಚ್ ಎದುರು ಸೋತದ್ದೇ ಕೊನೆಯ ಪಂದ್ಯ. ಮೈಕ್ ಅದಕ್ಕೂ ಮೊದಲೇ ಹಿಡಿದಾಗಿತ್ತು.

ಹಿಡಿತ ಎಲ್ಲಿ ಸಡಿಲಾಯ್ತು ಅನ್ನೋದನ್ನ ನಮ್ಮ ಕಣ್ಣಿಗೆ ಬೀಳೋ ಮೊದಲೇ ಹೇಳ್ತಾನೆ. ಗೆಳೆಯರು ಆಡ್ತಿದ್ರೆ ದನಿ ಆ ಕಡೆ ವಾಲುತ್ತೆ ಅನ್ನೋ ದೂರೂ ಇದೆ, ಇರಲಿ ಬಿಡಿ. ನನ್ನ ಆಸೆ ಬೇರೆ. ಬಾಯೊಣಗಿ, ಕೆನ್ನೆ ಗುಳಿಬಿದ್ದು ತಕ್ಕಡಿ ಹತ್ತೋ ಹುಡುಗರನ್ನ ‘ಎಂಥಾ ಶಿಸ್ತು!’ ಅಂತ ಹೊಗಳೋರೇ ಜಾಸ್ತಿ. ಅದು ಶಿಸ್ತಲ್ಲ, ಅಪಾಯ ಅಂತ ಇವನು ಹೇಳಬೇಕು, ಪ್ರತಿ ಸಲ. 2017ರಲ್ಲಿ ತೂಕ ಸರಿಹೋಗದೆ ಟವೆಲ್ ಹಿಡ್ಕೊಂಡು ನಿಂತು ಪಾರಾದವನೂ ಇವನೇ ತಾನೆ! (ಆ ವಿಡಿಯೋ ನೋಡಿ ನಕ್ಕಿದ್ದೆ, ಸುಳ್ಳು ಯಾಕೆ ಹೇಳ್ಲಿ.) ಆದ್ರೆ ಸಂಬಳ ಕೊಡೋ ಕಂಪನಿಯ ಮೈಕಲ್ಲಿ ಅಷ್ಟೆಲ್ಲ ಮಾತಾಡೋಕಾಗುತ್ತಾ? ನೀವೇನಂತೀರಿ?